ಕಡಿಮೆ ಓಡಿದ ಕಾರಿನ ಬಾಕಿ ಬಿಲ್

‘ಸಿಂಗಲ್ ಓನರ್, ಓಡಿದ್ದು ಬರೀ 40 ಸಾವಿರ’ ಅಂದರೆ ಸಾಕು, ಹಳೇ ಕಾರಿಗೆ ಇಪ್ಪತ್ತು ಮೂವತ್ತು ಸಾವಿರ ಹೆಚ್ಚಿಗೆ ಕೊಡಲು ನಮ್ಮ ಜನ ಹಿಂದೆ ಮುಂದೆ ನೋಡುವುದಿಲ್ಲ. ನಾನು ಮೈಸೂರಿನಲ್ಲಿ ನೋಡಿದ ಹತ್ತು ವರ್ಷದ ಡೀಸೆಲ್ ಕಾರು ಅಂಥದ್ದೇ. ನಿವೃತ್ತ ಮೇಷ್ಟರದು, ಸೀಟಿನ ಬಟ್ಟೆ ಕೂಡ ಮಾಸಿರಲಿಲ್ಲ. ‘ಸಾರ್, ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ರಿ?’ ಅಂದೆ. ‘ಅದೆಲ್ಲ ಯಾಕಪ್ಪ, ಓಡಿಸಿದ್ದೇ ಇಲ್ಲವಲ್ಲ’ ಅಂದರು. ಆ ಉತ್ತರಕ್ಕೆ ಬೆಲೆಯಲ್ಲಿ 12,000 ರೂಪಾಯಿ ಇಳಿಸಿಕೊಂಡೆ.

ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಅದಕ್ಕೇ ಬೆಲ್ಟ್ ಬದಲಿಸುವ ಅವಧಿಯನ್ನು ಹಲವು ಕಂಪನಿಗಳು ಕಿಲೋಮೀಟರಿನಲ್ಲೂ ವರ್ಷದಲ್ಲೂ ಹೇಳಿರುತ್ತವೆ, ಯಾವುದು ಮೊದಲೋ ಅದು. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಿಬರುವ ಕಾರಿನಲ್ಲಿ ಮೊದಲು ಮುಗಿಯುವುದು ವರ್ಷವೇ.

ಎಂಜಿನ್ನಿನ ವಾಲ್ವ್‌ಗಳು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅನ್ನುವುದು ಈ ಹಲ್ಲಿನ ಪಟ್ಟಿಯ ಕೈಯಲ್ಲಿದೆ. ಅದು ತುಂಡಾದರೆ ಮೇಲಿನ ಕ್ಯಾಮ್ ನಿಲ್ಲುತ್ತದೆ, ಕೆಳಗಿನ ಪಿಸ್ಟನ್ ಮಾತ್ರ ವೇಗದಲ್ಲೇ ಬಂದು ತೆರೆದ ವಾಲ್ವಿಗೆ ಗುದ್ದುತ್ತದೆ. ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ನಡುವೆ ಜಾಗವಿರುವುದರಿಂದ ಗಾಡಿ ನಿಂತುಹೋಗುವುದಷ್ಟೇ. ಡೀಸೆಲ್‌ಗೆ ಆ ಪುಣ್ಯವಿಲ್ಲ. ಮುನ್ಸೂಚನೆಯೂ ಬಹಳ ಸಲ ಇರುವುದಿಲ್ಲ.

ಬೆಂಗಳೂರಿಗೆ ಬಂದವನೇ ಗ್ಯಾರೇಜಿಗೆ ಬಿಟ್ಟೆ. ಮೆಕ್ಯಾನಿಕ್ ಹಳೇ ಬೆಲ್ಟನ್ನು ಹಿಂದುಮುಂದಾಗಿ ಬಗ್ಗಿಸಿ ತೋರಿಸಿದ. ಹಲ್ಲುಗಳ ಬುಡದಲ್ಲಿ ಕೂದಲೆಳೆಯ ಬಿರುಕು, ಒಂದು ಅಂಚಿನಲ್ಲಿ ಆಯಿಲ್ ಕುಡಿದು ಮೆತ್ತಗಾದ ರಬ್ಬರು. ‘ಬೆಲ್ಟ್ ಒಂದೇ ಬೇಡ ಸಾರ್, ಪೂರ್ತಿ ಸೆಟ್ ಹಾಕ್ಬಿಡೋಣ’ ಅಂದ. ಸೆಟ್ ಅಂದರೆ ಬೆಲ್ಟು, ಟೆನ್ಷನರ್, ಐಡ್ಲರ್. ಜೊತೆಗೆ ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್. ಗ್ಯಾರೇಜಿನವರು ಬಿಲ್ ಬೆಳೆಸುತ್ತಾರೆ ಅನ್ನುವ ಅನುಮಾನ ನನಗೂ ಉಂಟು, ಆದರೆ ಇಲ್ಲಿ ಆತ ಹೇಳಿದ್ದು ಸರಿ. ನಾಳೆ ಪಂಪ್ ಸೋರಿದರೆ ಅಷ್ಟನ್ನೂ ಮತ್ತೆ ಬಿಚ್ಚಬೇಕು, ಮಜೂರಿ ಇನ್ನೊಮ್ಮೆ ಕೊಡಬೇಕು. ಆಯಿಲ್ ಸೋರುತ್ತಿದ್ದ ಸೀಲನ್ನೂ ಬದಲಾಯಿಸಿದೆ. ಎಲ್ಲ ಸೇರಿ 11,400 ರೂಪಾಯಿ. ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ 190.

ನನ್ನ ಭಾವಮೈದ ಇದೇ ಖರ್ಚನ್ನು ‘ಮುಂದಿನ ಸರ್ವಿಸ್‌ಗೆ ನೋಡೋಣ’ ಅಂತ ತಳ್ಳುತ್ತಾ ಬಂದಿದ್ದ. ನೆಲಮಂಗಲ ದಾಟಿದ ಮೇಲೆ ಎಂಜಿನ್ ಟಪ್ ಅಂತ ಆಫ್ ಆಯಿತು. ವಾಲ್ವ್ ಬೆಂಡ್, ಹೆಡ್ ಇಳಿಸಿ ಲೇತ್ ಕೆಲಸ, ಟೋಯಿಂಗ್ ಬೇರೆ. ಬಿಲ್ಲು 60 ಸಾವಿರ ಮೀರಿತು. ಮಾರಿದರೆ ಒಂದೂವರೆ ಲಕ್ಷ ಬರುವ ಗಾಡಿಗೆ ಈ ಖರ್ಚು ಮಾಡುವುದೋ, ಗುಜರಿಗೆ ಹಾಕುವುದೋ ಅನ್ನುವ ಚರ್ಚೆ ಮನೆಯಲ್ಲಿ ವಾರಗಟ್ಟಲೆ ನಡೆಯಿತು.

ಅವನು ಮೊದಲು ಫೋನ್ ಮಾಡಿದ್ದು ವಿಮಾ ಕಂಪನಿಗೆ. ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೂ ಸವಕಳಿ ಮತ್ತು ಯಾಂತ್ರಿಕ ವೈಫಲ್ಯ ಅದರ ವ್ಯಾಪ್ತಿಗೆ ಬರುವುದಿಲ್ಲ. ಇದು ಪಾಲಿಸಿಯಲ್ಲೇ ಬರೆದಿರುತ್ತದೆ. ಎಂಜಿನ್ ಪ್ರೊಟೆಕ್ಟ್ ಹೆಸರಿನ ಆ್ಯಡ್-ಆನ್ ಕೂಡ ಹೆಚ್ಚಾಗಿ ನೀರು ನುಗ್ಗಿದಾಗ, ಆಯಿಲ್ ಸೋರಿ ಹಾನಿಯಾದಾಗ ಬರುವಂಥದ್ದು. ವಯಸ್ಸಾದ ಬೆಲ್ಟಿಗೆ ಯಾರೂ ಕಾಸು ಕೊಡುವುದಿಲ್ಲ.

ಎಲ್ಲ ಕಾರಿಗೂ ಈ ತಲೆನೋವಿಲ್ಲ. ಮಾರುತಿ 800, ಹಳೆಯ ಸ್ಯಾಂಟ್ರೋ, ಡಸ್ಟರ್ ಡೀಸೆಲ್‌ನಲ್ಲಿ ಬೆಲ್ಟು. ಸ್ವಿಫ್ಟ್ ಡೀಸೆಲ್‌ನಲ್ಲಿ ಚೈನು. ಚೈನ್ ಇದ್ದರೆ ಆಯಿಲ್ ಬದಲಾವಣೆ ತಪ್ಪಿಸಬೇಡಿ, ಅದೂ ಸವೆದು ಉದ್ದವಾಗುತ್ತದೆ.

ಹಳೇ ಕಾರು ಕೊಳ್ಳುವವರು ಮೊದಲು ಮ್ಯಾನ್ಯುಯಲ್ ತೆಗೆಸಿ ಅವಧಿ ನೋಡಿ, ಆಮೇಲೆ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ‘ಹಾಕಿಸಿದ್ದೀವಿ, ಬಿಲ್ ಎಲ್ಲೋ ಇದೆ’ ಅಂದರೆ ಹಾಕಿಸಿಲ್ಲವೆಂದೇ ಲೆಕ್ಕ ಹಿಡಿದು, ಸೆಟ್ಟಿನ ದರ ವಿಚಾರಿಸಿಕೊಂಡು, ಅಷ್ಟನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.