ಎರಡನೆಯ ಪ್ರಶ್ನೆ: ವಿದ್ಯಾರ್ಥಿವೇತನದ ಸಂದರ್ಶನದಿಂದ ಒಂದು ಅಭ್ಯಾಸ ಪಾಠ

ಅಣುಬೋಧನೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಅತ್ಯಂತ ಕಷ್ಟವಾಗುವುದು ಶೋಧಕ ಪ್ರಶ್ನೆಯ ಕೌಶಲ. ಮಗು ಉತ್ತರ ಹೇಳಿದ ಕೂಡಲೇ 'ಸರಿ, ಕೂತ್ಕೋ' ಎಂದು ಮುಂದಕ್ಕೆ ಹೋಗುತ್ತಾರೆ. ಉತ್ತರದೊಳಗಿಂದ ಇನ್ನೊಂದು ಪ್ರಶ್ನೆ ಹುಟ್ಟುವುದಿಲ್ಲ. ಈ ಬಾರಿ ಇದನ್ನು ಕಲಿಸಲು ಗೇಟ್ಸ್ ಕೇಂಬ್ರಿಜ್ ವಿದ್ಯಾರ್ಥಿವೇತನದ ಸಂದರ್ಶನವನ್ನು ಪಾಠವಸ್ತುವಾಗಿ ತೆಗೆದುಕೊಂಡೆ. ಇನ್ನೊಂದು ಕಾರಣವೂ ಇತ್ತು. ಇಂಥದ್ದಕ್ಕೆ ಅರ್ಜಿ ಹಾಕಬಲ್ಲ ಮೂರ್ನಾಲ್ಕು ಮಂದಿ ನಮ್ಮ ತರಗತಿಯಲ್ಲಿದ್ದಾರೆ. 'ಅದು ಇಂಗ್ಲಿಷ್ ಮೀಡಿಯಮ್ಮಿನವರಿಗೆ' ಎಂದು ತಾವೇ ತೀರ್ಪು ಕೊಟ್ಟುಕೊಂಡು ಸುಮ್ಮನಿದ್ದಾರೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದದ್ದನ್ನು ಹೇಳಿದರೆ, 'ಅವರು ಕಾರ್ನಾಡರು ಸಾರ್' ಎನ್ನುತ್ತಾರೆ!

ಗೇಟ್ಸ್ ಕೇಂಬ್ರಿಜ್ ಶುರುವಾದದ್ದು 2000ದಲ್ಲಿ, ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನ ಕೊಟ್ಟ 21 ಕೋಟಿ ಡಾಲರ್ ದತ್ತಿಯಿಂದ. ಬ್ರಿಟನ್ನಿನ ಹೊರಗಿನ ದೇಶಗಳ ಪ್ರಜೆಗಳಿಗಾಗಿ ವರ್ಷಕ್ಕೆ ಸುಮಾರು 80 ವೇತನಗಳು. ಮೊದಲು ಆಯಾ ವಿಭಾಗ ತನ್ನ ಅರ್ಜಿದಾರರನ್ನು ಶ್ರೇಣೀಕರಿಸುತ್ತದೆ. ಅದನ್ನು ದಾಟಿ ಕಿರುಪಟ್ಟಿಗೆ ಬಂದವರಿಗೆ ಮಾತ್ರ ಸಂದರ್ಶನ. ನೋಡುವುದು ನಾಲ್ಕು ಸಂಗತಿ: ಬೌದ್ಧಿಕ ಸಾಮರ್ಥ್ಯ, ಈ ಕೋರ್ಸನ್ನೇ ಆರಿಸಿಕೊಂಡ ಕಾರಣ, ಇತರರ ಬದುಕನ್ನು ಉತ್ತಮಗೊಳಿಸುವ ಬದ್ಧತೆ, ನಾಯಕತ್ವದ ಗುಣ. ಸಮಯ ಇಪ್ಪತ್ತು ನಿಮಿಷದ ಆಸುಪಾಸು. ಸಮಿತಿಗಳು ಕಲೆ, ಸಮಾಜವಿಜ್ಞಾನ ಎಂಬಂಥ ವಿಶಾಲ ಗುಂಪುಗಳಿಗೆ ಇರುವುದರಿಂದ ಎದುರಿಗೆ ಕೂತವರೆಲ್ಲ ನಿಮ್ಮ ವಿಷಯದವರಾಗಿರುವುದಿಲ್ಲ. ಪಾಠಕ್ಕೆ ನನಗೆ ಬೇಕಾಗಿದ್ದದ್ದು ಈ ಕೊನೆಯ ಅಂಶವೇ. ವಿಷಯ ತಿಳಿಯದವರು ಕೇಳುವ ಪ್ರಶ್ನೆಗೆ ಗೈಡು ಸಿಗುವುದಿಲ್ಲ.

ತರಗತಿಯಲ್ಲಿ ಒಬ್ಬರು ಅಭ್ಯರ್ಥಿ. ಗಣಿತ, ಇತಿಹಾಸ, ಜೀವವಿಜ್ಞಾನ ಬೋಧನಾ ವಿಷಯದ ಮೂವರು ಸಮಿತಿ. ಉಳಿದವರ ಕೈಯಲ್ಲಿ ಎರಡೇ ಕಾಲಮ್ಮಿನ ವೀಕ್ಷಣಾ ಹಾಳೆ: ಅರ್ಜಿಯಿಂದ ಬಂದ ಪ್ರಶ್ನೆ, ಉತ್ತರದಿಂದ ಬಂದ ಪ್ರಶ್ನೆ. ಮೊದಲ ಸುತ್ತಿನಲ್ಲಿ ಎರಡನೆಯ ಕಾಲಂ ಬಹುತೇಕ ಖಾಲಿ. 'ನಿಮ್ಮ ಹವ್ಯಾಸವೇನು' ಎಂಬಲ್ಲಿಗೂ ಹೋಯಿತು.

ಎರಡನೆಯ ಸುತ್ತಿನ ಅಭ್ಯರ್ಥಿ ಆರಿಸಿಕೊಂಡ ವಿಷಯ, ನಲಿಕಲಿ ತರಗತಿ ಮುಗಿಸಿ ನಾಲ್ಕನೆಯ ತರಗತಿಗೆ ಬಂದ ಮಕ್ಕಳ ಓದು. ಮೊದಲ ಪ್ರಶ್ನೆಗೆ ಆಕೆಯ ಉತ್ತರ ನುಣ್ಣಗಿತ್ತು, 'ಸಮಗ್ರ', 'ಗುಣಾತ್ಮಕ' ಎಲ್ಲ ಸೇರಿ. ಆಗ ಗಣಿತದವನು ಕೇಳಿದ: 'ಮಗು ಓದ್ತಾ ಇದೆಯೋ ಬಾಯಿಪಾಠ ಒಪ್ಪಿಸ್ತಾ ಇದೆಯೋ, ಹೇಗೆ ಗೊತ್ತಾಗುತ್ತೆ?'

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಚಿತ್ರವನ್ನ ಕೈಯಿಂದ ಮುಚ್ತೀನಿ.'

'ಮುಚ್ಚಿದ ಮೇಲೂ ಸರಿಯಾಗಿ ಹೇಳಿದರೆ?'

'ಸಾಲಿನ ನಡುವಿನ ಒಂದು ಪದ ತೋರಿಸಿ ಕೇಳ್ತೀನಿ. ಬಾಯಿಪಾಠ ಆಗಿದ್ದರೆ ಮಗು ಸಾಲಿನ ಮೊದಲಿಂದ ಹೇಳ್ಕೊಂಡು ಬಂದು ಅಲ್ಲಿ ನಿಲ್ಲುತ್ತೆ.'

ತರಗತಿ ನಿಶ್ಶಬ್ದವಾಯಿತು. ಈ ಎರಡು ಮಾತಿನಲ್ಲಿ ಆಕೆಯ ಯೋಚನೆ ಇತ್ತು, ಆಕೆ ಮಕ್ಕಳ ಪಕ್ಕ ಕೂತದ್ದೂ ಇತ್ತು; ಮೊದಲ ಉತ್ತರದಲ್ಲಿ ಎರಡೂ ಇರಲಿಲ್ಲ. 'ಕೇಂಬ್ರಿಜ್ಜೇ ಯಾಕೆ' ಎಂದಾಗ ಮಾತ್ರ ಆಕೆ ವಿಶ್ವವಿದ್ಯಾಲಯದ ಹೆಸರು, ಹಳಮೆ ಹೊಗಳತೊಡಗಿದಳು. ಇಲ್ಲಿ ಮತ್ತೆ ಮನೆಗೆಲಸ ಕೊಟ್ಟೆ: ಕೋರ್ಸಿನ ವಿವರ ಓದಿ, ಈ ಚಿತ್ರ ಮುಚ್ಚುವ ಕೆಲಸಕ್ಕೆ ಅದರಲ್ಲಿ ಯಾವುದು ಬೇಕು ಎಂದು ಗುರುತಿಸಿ ಬರಬೇಕು.

ಭಾಷೆಯ ಮಾತು. ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುತ್ತದೆ, ಅದನ್ನು ಮುಚ್ಚಿಡಬಾರದು. ಆದರೆ ಇಂಗ್ಲಿಷ್ ಅರ್ಹತೆಯನ್ನು ವಿಶ್ವವಿದ್ಯಾಲಯ ಬೇರೆಯಾಗಿಯೇ ಕೇಳುತ್ತದೆ. ಸಂದರ್ಶನ ವ್ಯಾಕರಣದ ಪರೀಕ್ಷೆಯಲ್ಲ. ಆದ್ದರಿಂದ ಮೊದಲು ಕನ್ನಡದಲ್ಲಿ ಉತ್ತರ ಹುಡುಕಿಸಿ, ಆಮೇಲೆ ಅದೇ ಉತ್ತರವನ್ನು ಇಂಗ್ಲಿಷಿನ ಸಣ್ಣ ವಾಕ್ಯಗಳಲ್ಲಿ ಹೇಳಿಸಿದೆ. ತಿರುಗುಮುರುಗು ಮಾಡಿದರೆ ಬಾಯಿಪಾಠದ ವಾಕ್ಯಗಳೇ ಮರಳಿ ಬರುತ್ತವೆ. ಮೂರನೆಯ ಸುತ್ತಿನಲ್ಲಿ ಆಕೆಯ ಇಂಗ್ಲಿಷ್ ತಡವರಿಸಿತು. ಆದರೂ ಮಗು, ಚಿತ್ರ, ಮುಚ್ಚಿದ ಕೈ ಮೂರೂ ಅಲ್ಲಿದ್ದವು. ಜೀವವಿಜ್ಞಾನದ ಹುಡುಗಿ ತಾನಾಗಿಯೇ ಇನ್ನೊಂದು ಪ್ರಶ್ನೆ ಕೇಳಿದಳು.

ಭಾರತದಿಂದ ಅರ್ಜಿ ಹಾಕುವವರಿಗೆ ಕೊನೆಯ ದಿನ ಕೋರ್ಸಿಗೆ ತಕ್ಕಂತೆ ಡಿಸೆಂಬರ್ ಅಥವಾ ಜನವರಿಯ ಆರಂಭದಲ್ಲಿ ಬರುತ್ತದೆ. ಈ ಪಾಠ ನಡೆಸುವವರು ದಸರಾ ರಜೆಗೆ ಮುಂಚೆಯೇ ಎರಡು ಪಿರಿಯಡ್ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.