ಎಣ್ಣೆ ಬಿಟ್ಟರೂ ಟ್ರೈಗ್ಲಿಸರೈಡ್ ಏಕೆ ಇಳಿಯಲಿಲ್ಲ?

ಪ್ರಶ್ನೆ: ನನಗೆ 46 ವರ್ಷ. ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ 310 ಬಂದಿದೆ. ಆರು ತಿಂಗಳಿಂದ ಬೆಣ್ಣೆ ದೋಸೆ, ಮಿರ್ಚಿ ಮುಟ್ಟಿಲ್ಲ. ಸಾರಿಗೆ ಒಗ್ಗರಣೆಯೂ ಇಲ್ಲ. ಎರಡು ಹೊತ್ತು ಅನ್ನ, ದಿನಕ್ಕೆ ಐದಾರು ಟೀ, ಶನಿವಾರ ಗೆಳೆಯರ ಜೊತೆ ಸ್ವಲ್ಪ ಡ್ರಿಂಕ್ಸ್. ಎಣ್ಣೆಯೇ ಇಲ್ಲದ ಮೇಲೆ ಈ ಕೊಬ್ಬು ಎಲ್ಲಿಂದ ಬಂತು ಡಾಕ್ಟ್ರೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅನ್ನ, ಟೀಗೆ ಹಾಕುವ ಸಕ್ಕರೆ, ಮತ್ತು ನಿಮ್ಮ ಶನಿವಾರ. ಹೆಚ್ಚಾಗಿ ಈ ಮೂರರಿಂದಲೇ ಬಂದಿರಬೇಕು.

ಊಟದ ಎಣ್ಣೆ ಸಾಮಾನ್ಯವಾಗಿ ಹತ್ತು ಹನ್ನೆರಡು ಗಂಟೆಯೊಳಗೆ ರಕ್ತದಿಂದ ತೆರವಾಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಾಣುವ ಟ್ರೈಗ್ಲಿಸರೈಡ್ ಬಹುಪಾಲು ಲಿವರ್ ತಯಾರಿಸಿದ್ದು. ಮೂರು ಕೊಬ್ಬಿನಾಮ್ಲಗಳನ್ನು ಒಂದು ಗ್ಲಿಸರಾಲ್‌ಗೆ ಜೋಡಿಸಿದರೆ ಒಂದು ಟ್ರೈಗ್ಲಿಸರೈಡ್. ಲಿವರ್ ಅದಕ್ಕೆ ಪ್ರೋಟೀನಿನ ಹೊದಿಕೆ ಹಾಕಿ ವಿಎಲ್‌ಡಿಎಲ್ ಎಂಬ ಕಣಗಳಾಗಿ ರಕ್ತಕ್ಕೆ ಬಿಡುತ್ತದೆ. ಇದಕ್ಕೆ ಬೇಕಾದ ಕೊಬ್ಬಿನಾಮ್ಲ ಮುಖ್ಯವಾಗಿ ಎರಡು ಕಡೆಯಿಂದ ಬರುತ್ತದೆ.

ಒಂದು, ಮೈಯಲ್ಲಿ ಈಗಾಗಲೇ ಕೂಡಿಟ್ಟ ಬೊಜ್ಜು. ಊಟವಾದ ಮೇಲೆ ಏರುವ ಇನ್ಸುಲಿನ್ ಕೊಬ್ಬಿನ ಕೋಶಗಳಿಗೆ ಎರಡು ಆಜ್ಞೆ ಕೊಡುತ್ತದೆ: ರಕ್ತದಲ್ಲಿ ಹೋಗುತ್ತಿರುವುದನ್ನು ಒಳಗೆ ಎಳೆದುಕೊಳ್ಳಿ, ಒಳಗಿರುವುದನ್ನು ಬಿಡಬೇಡಿ. ನಮ್ಮಲ್ಲಿ ನಡುವಯಸ್ಸಿನ ಅನೇಕರಿಗೆ, ನೋಡಲು ದಪ್ಪಗಿಲ್ಲದಿದ್ದರೂ ಹೊಟ್ಟೆ ಮುಂದೆ ಬಂದವರಿಗೆ, ಈ ಆಜ್ಞೆ ಸರಿಯಾಗಿ ನಾಟುವುದಿಲ್ಲ. ಕೋಶಗಳು ಊಟದ ನಂತರವೂ ಕೊಬ್ಬಿನಾಮ್ಲ ಸೋರಿಸುತ್ತಲೇ ಇರುತ್ತವೆ. ಅದು ಲಿವರ್ ಸೇರುತ್ತದೆ.

ಇನ್ನೊಂದು, ಪಿಷ್ಟ ಮತ್ತು ಸಕ್ಕರೆ. ಲಿವರ್ ಮತ್ತು ಸ್ನಾಯುಗಳು ಸೇರಿ ಗ್ಲೈಕೋಜನ್ ರೂಪದಲ್ಲಿ ಹಿಡಿದಿಟ್ಟುಕೊಳ್ಳುವುದು ಸುಮಾರು ಅರ್ಧ ಕಿಲೋ ಮಾತ್ರ. ಮಿಕ್ಕಿದ್ದರಲ್ಲಿ ಒಂದು ಪಾಲನ್ನು ಲಿವರ್ ಕೊಬ್ಬಿನಾಮ್ಲವಾಗಿ ಮಾರ್ಪಡಿಸುತ್ತದೆ. ಈ ತಯಾರಿಯ ನಡುವೆ ಹುಟ್ಟುವ ಮೆಲೊನಿಲ್ ಕೋ-ಎ ಎಂಬ ವಸ್ತು, ಕೊಬ್ಬಿನಾಮ್ಲ ಉರಿಯಲು ಮೈಟೊಕಾಂಡ್ರಿಯದೊಳಗೆ ಹೋಗುವ ದಾರಿಯನ್ನೇ ತಡೆಯುತ್ತದೆ. ಕಟ್ಟುವುದೂ ಸುಡುವುದೂ ಒಟ್ಟೊಟ್ಟಿಗೆ ನಡೆಯದಿರಲೆಂದು ದೇಹ ಮಾಡಿಕೊಂಡ ಏರ್ಪಾಡು ಇದು. ದಿನವಿಡೀ ಸಿಹಿ ಟೀ ಕುಡಿಯುವವರಿಗೆ ಅದೇ ಮುಳುವಾಗುತ್ತದೆ. ಮೇಲೆ ಮದ್ಯ ಬಿದ್ದರೆ ಲಿವರ್ ಮೊದಲು ಅದನ್ನು ವಿಲೇವಾರಿ ಮಾಡಲು ಕೂರುತ್ತದೆ, ಕೊಬ್ಬು ಸುಡುವ ಕೆಲಸ ಹಿಂದೆ ಬೀಳುತ್ತದೆ. ರಕ್ತಕ್ಕೆ ಬಿಡಲಾಗದೆ ಉಳಿದದ್ದು ಅಲ್ಲೇ ಕೂತು ಫ್ಯಾಟಿ ಲಿವರ್ ಆಗುತ್ತದೆ.

150ರ ಒಳಗಿದ್ದರೆ ಸರಿ. 200ರಿಂದ ಮೇಲೆ ಹೆಚ್ಚು. ಮದ್ಯ ಪೂರ್ತಿ ನಿಲ್ಲಿಸಿ, ಟೀಗೆ ಸಕ್ಕರೆ ಬೇಡ, ಅನ್ನ ಅರ್ಧಕ್ಕಿಳಿಸಿ ಆ ಜಾಗಕ್ಕೆ ಪಲ್ಯ, ಕಾಳು ತನ್ನಿ. ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ. ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಮೂರು ತಿಂಗಳ ನಂತರ ಮತ್ತೆ ರಕ್ತ ಕೊಡಿ. ಒಗ್ಗರಣೆ ಬಿಟ್ಟದ್ದು ಅನ್ಯಾಯ. ಒಂದು ಚಮಚ ಎಣ್ಣೆಯಲ್ಲಿ ಧಾರಾಳವಾಗಿ ಹಾಕಿಕೊಳ್ಳಿ.

ಪ್ರಶ್ನೆ: ಮದುವೆ ಊಟ ಮಾಡಿ, ಮೂರ್ನಾಲ್ಕು ಗಂಟೆ ಬಿಟ್ಟು ಲ್ಯಾಬ್‌ಗೆ ಹೋಗಿದ್ದೆ. ರಕ್ತದ ಸೀರಂ ಹಾಲಿನ ಹಾಗಿದೆ, ನಾಳೆ ಬನ್ನಿ ಎಂದರು. ಭಯವಾಗಿದೆ.
– ಗೃಹಿಣಿ, ಶಿವಮೊಗ್ಗ

ಉತ್ತರ: ನೀವು ತಿಂದ ಹೋಳಿಗೆಯ ತುಪ್ಪವನ್ನೇ ಅವರು ಕಂಡದ್ದು. ಕೊಬ್ಬು ನೀರಿನಲ್ಲಿ ಬೆರೆಯದು. ಹಾಗಾಗಿ ಕರುಳಿನಲ್ಲಿ ಪಿತ್ತರಸ ಅದನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ, ಮೇದೋಜೀರಕ ಗ್ರಂಥಿಯ ಲೈಪೇಸ್ ಕಿಣ್ವ ಕೊಬ್ಬಿನಾಮ್ಲಗಳನ್ನು ಬಿಡಿಸುತ್ತದೆ. ಕರುಳಿನ ಕೋಶಗಳು ಒಳಗೆಳೆದುಕೊಂಡು ಮತ್ತೆ ಟ್ರೈಗ್ಲಿಸರೈಡ್ ಕಟ್ಟುತ್ತವೆ! ಹೀಗೆ ಆದ ಕೈಲೊಮೈಕ್ರಾನ್ ಎಂಬ ಕಣಗಳು ರಕ್ತನಾಳದೊಳಗೆ ನೇರವಾಗಿ ನುಗ್ಗಲಾರದಷ್ಟು ದೊಡ್ಡವು. ಅವು ದುಗ್ಧನಾಳ ಹಿಡಿದು, ಎದೆಯ ಮೂಲಕ ಮೇಲೇರಿ, ಕುತ್ತಿಗೆಯ ಎಡಬುಡದಲ್ಲಿ ಅಭಿಧಮನಿಗೆ ಸೇರುತ್ತವೆ. ಸಕ್ಕರೆಯಂತೆ ಮೊದಲು ಲಿವರ್‌ಗೆ ಹೋಗುವುದಿಲ್ಲ.

ರಾತ್ರಿ ಊಟ ಬೇಗ ಮುಗಿಸಿ, ಹನ್ನೆರಡು ಗಂಟೆ ಬಿಟ್ಟು ರಕ್ತ ಕೊಡಿ. ಆಗಲೂ ಸೀರಂ ಹಾಲಿನಂತಿದ್ದರೆ ಮಾತ್ರ ಚಿಂತೆ: ಟ್ರೈಗ್ಲಿಸರೈಡ್ 1,000 ದಾಟಿದವರಿಗೆ ಮೇದೋಜೀರಕ ಗ್ರಂಥಿಯ ಉರಿಯೂತದ ಅಪಾಯ ನಿಜವಾದದ್ದು.

ಪ್ರಶ್ನೆ: ಕೊಬ್ಬರಿ ಎಣ್ಣೆ ಮೈಯಲ್ಲಿ ಶೇಖರವಾಗುವುದಿಲ್ಲ, ನೇರ ಉರಿದುಹೋಗುತ್ತದೆ ಎನ್ನುತ್ತಾರೆ. ನಮ್ಮೂರಿನವರಿಗೆ ಕೇಳಲು ಖುಷಿ. ನಿಜವೇ?
– ತೋಟಗಾರರು, ತಿಪಟೂರು

ಉತ್ತರ: ಕಾಲು ಭಾಗವೂ ನಿಜವಲ್ಲ. 8 ಮತ್ತು 10 ಕಾರ್ಬನ್‌ನ ಗಿಡ್ಡ ಕೊಬ್ಬಿನಾಮ್ಲಗಳು ದುಗ್ಧನಾಳ ಬಳಸದೆ ನೇರ ಲಿವರ್‌ಗೆ ಹೋಗಿ ಬೇಗ ಉರಿಯುತ್ತವೆ, ಸರಿ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಅವು ಕಾಲು ಭಾಗಕ್ಕಿಂತ ಬಹಳ ಕಡಿಮೆ. ಸುಮಾರು ಅರ್ಧದಷ್ಟಿರುವುದು 12 ಕಾರ್ಬನ್‌ನ ಲಾರಿಕ್ ಆಮ್ಲ. ಅದರ ಬಹುಪಾಲು ತುಪ್ಪ, ಕಡಲೆಕಾಯಿ ಎಣ್ಣೆ ಹೋಗುವ ದಾರಿಯಲ್ಲೇ ಹೋಗುತ್ತದೆ, ಎಲ್‌ಡಿಎಲ್ ಕೊಲೆಸ್ಟರಾಲನ್ನೂ ಏರಿಸುತ್ತದೆ. ರುಚಿಗೆ ಬಳಸಿ, ಔಷಧಿಯೆಂದು ಕುಡಿಯಬೇಡಿ.

ಪ್ರಶ್ನೆ: ತೂಕ ಇಳಿದಾಗ ಕೊಬ್ಬು ಬೆವರಾಗಿ ಹೋಗುತ್ತದೆಯೇ?
– ವಿದ್ಯಾರ್ಥಿ, ಮೈಸೂರು

ಉತ್ತರ: ಹೆಚ್ಚಿನದು ಉಸಿರಾಗಿ ಹೋಗುತ್ತದೆ. 10 ಕಿಲೋ ಕೊಬ್ಬು ಪೂರ್ತಿ ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಶ್ವಾಸಕೋಶದಿಂದ ಹೊರಬೀಳುತ್ತದೆ, 1.6 ಕಿಲೋ ನೀರಾಗುತ್ತದೆ ಎಂದು ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಲೆಕ್ಕ ಕೊಟ್ಟರು. ಹೊಟ್ಟೆಗೆ ಬೆಲ್ಟ್ ಕಟ್ಟಿ ಬೆವರಿಳಿಸುವವರಿಗೆ ತೋರಿಸಿ.

ಪ್ರಶ್ನೆ: ನಮ್ಮ ತಾಯಿಗೆ 63 ವರ್ಷ, ಸಕ್ಕರೆ ಕಾಯಿಲೆ ಇದೆ. ಏಕಾದಶಿಯಂದು ನೀರೂ ಮುಟ್ಟುವುದಿಲ್ಲ. ಸಂಜೆ ಹೊತ್ತಿಗೆ ಬಾಯಿಯಲ್ಲಿ ಕೊಳೆತ ಹಣ್ಣಿನ ವಾಸನೆ. ಕೊಬ್ಬು ಕರಗುವ ಲಕ್ಷಣ ಎಂದು ಅವರಿಗೆ ಸಂತೋಷ.
– ಓದುಗರು, ಉಡುಪಿ

ಉತ್ತರ: ಕೊಬ್ಬು ಕರಗುತ್ತಿರುವುದು ನಿಜ. ಉಪವಾಸದಲ್ಲಿ ಇನ್ಸುಲಿನ್ ಇಳಿದಾಗ ಕೊಬ್ಬಿನ ಕೋಶಗಳು ಕೊಬ್ಬಿನಾಮ್ಲ ಬಿಡುತ್ತವೆ. ರಕ್ತದ ಆಲ್ಬುಮಿನ್ ಪ್ರೋಟೀನ್ ಅದನ್ನು ಹೊತ್ತೊಯ್ಯುತ್ತದೆ. ಕಾರ್ನಿಟಿನ್ ಎಂಬ ವಸ್ತುವಿನ ನೆರವಿನಿಂದ ಅದು ಮೈಟೊಕಾಂಡ್ರಿಯ ಸೇರುತ್ತದೆ. ಅಲ್ಲಿ ಎರಡೆರಡು ಕಾರ್ಬನ್‌ನಂತೆ ಕತ್ತರಿಸಲ್ಪಡುತ್ತದೆ. 16 ಕಾರ್ಬನ್‌ನ ಪಾಮಿಟಿಕ್ ಆಮ್ಲ ಏಳು ಸುತ್ತಿನಲ್ಲಿ ಎಂಟು ತುಂಡು. ಈ ಎರಡರ ಲೆಕ್ಕವನ್ನು ಜರ್ಮನಿಯ ಫ್ರಾಂಜ್ ಕ್ನೂಪ್ 1904ರಲ್ಲಿ ನಾಯಿಗಳ ಮೂತ್ರ ಪರೀಕ್ಷಿಸಿ ಪತ್ತೆಹಚ್ಚಿದ. ಮಿದುಳು ಮಾತ್ರ ಕೊಬ್ಬಿನಾಮ್ಲವನ್ನು ಇಂಧನವಾಗಿ ಬಳಸುವುದಿಲ್ಲ ಎನ್ನಬಹುದು. ಅದಕ್ಕಾಗಿ ಲಿವರ್ ಈ ತುಂಡುಗಳಿಂದ ಕೀಟೋನ್ ತಯಾರಿಸುತ್ತದೆ. ವಾಸನೆ ಅದರಲ್ಲೊಂದಾದ ಅಸಿಟೋನ್‌ನದು.

ಆರೋಗ್ಯವಂತರಲ್ಲಿ ಇದು ಅಪಾಯವಲ್ಲ. ಅಲ್ಪಸ್ವಲ್ಪ ಇನ್ಸುಲಿನ್ ಇದ್ದು ಕೀಟೋನ್ ಮಿತಿಮೀರದಂತೆ ತಡೆಯುತ್ತದೆ. ನಿಮ್ಮ ತಾಯಿಯ ವಿಷಯ ಬೇರೆ. ಇನ್ಸುಲಿನ್ ತೆಗೆದುಕೊಳ್ಳುವವರು, ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ನಿರ್ಜಲ ಉಪವಾಸ ಮಾಡಲೇಬಾರದು. ಈ ಮಾತ್ರೆಗಳಿದ್ದಾಗ ಸಕ್ಕರೆ 200ರ ಆಸುಪಾಸಿನಲ್ಲಿದ್ದರೂ ಕೀಟೋನ್ ಏರಿ ರಕ್ತ ಆಮ್ಲೀಯವಾಗಬಹುದು. ವಾಸನೆಯ ಜೊತೆ ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ದ್ವಾದಶಿಯ ಪಾರಣೆವರೆಗೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ದು, ಮಾತ್ರೆಯ ಹೆಸರು ಹೇಳಿ, ಕೀಟೋನ್ ಪರೀಕ್ಷೆ ಮಾಡಿ ಎಂದು ನೀವೇ ಕೇಳಿ.