ಡೆಲ್ಫ್ಟ್ ನಗರದ ಹಳೆಯ ಸಾಮಾನಿನ ಸಂತೆ

ನೆದರ್‌ಲ್ಯಾಂಡ್ಸ್ ದೇಶದ ಡೆಲ್ಫ್ಟ್ ನಗರಕ್ಕೆ ಆ ಹೆಸರು ಬಂದುದು ‘ಅಗೆ’ ಎಂಬರ್ಥದ ಡಚ್ ಧಾತುವಿನಿಂದ. ಅಗೆದ ಕಾಲುವೆಯ ಹೆಸರೇ ಊರಿಗಾಯಿತು. ಬೇಸಗೆಯ ಶನಿವಾರಗಳಲ್ಲಿ ಕಾಲುವೆಗಳ ದಡದಲ್ಲಿ ಹಳೆಯ ವಸ್ತುಗಳ ಸಂತೆ ನೆರೆಯುತ್ತದೆ. ಅಲ್ಲಿ ನೀಲಿ ಚಿತ್ರದ ಹಳೆಯ ಗೋಡೆಬಿಲ್ಲೆಯೊಂದು ದೊರೆತರೆ, ಜಿಜ್ಞಾಸುವು ಅದರ ಮುಕ್ಕಾದ ಅಂಚನ್ನು ಪರೀಕ್ಷಿಸಬೇಕು. ಒಳಗಿರುವುದು ಸಾಧಾರಣ ಜೇಡಿಮಣ್ಣು. ಮೇಲಿನ ಬಿಳುಪು ತವರ ಬೆರೆತ ಲೇಪ.

1602ರಲ್ಲಿ ಸ್ಥಾಪಿತವಾದ ಡಚ್ ಈಸ್ಟ್ ಇಂಡಿಯಾ ಕಂಪನಿಯು ಚೀನಾದ ಪಿಂಗಾಣಿಯನ್ನು ತರಿಸುತ್ತಿತ್ತು. ಅದಕ್ಕೆ ಬೇಕಾದ ಬಿಳಿಮಣ್ಣು ದೊರೆಯದ ಡೆಲ್ಫ್ಟಿನ ಕುಂಬಾರರು ಈ ಲೇಪದಿಂದಲೇ ಅದನ್ನು ಅನುಕರಿಸಿದರು. 1640ರ ದಶಕದಲ್ಲಿ ಚೀನಾದ ಅಂತರ್ಯುದ್ಧದಿಂದ ಆಮದು ಕುಗ್ಗಲು ಇವರ ಕಸುಬು ವೃದ್ಧಿಸಿತು. ಕ್ರಮೇಣ ಸ್ವದೇಶದ ಗಾಳಿಯಂತ್ರ, ನಾವೆಗಳೂ ಚಿತ್ರಗಳಲ್ಲಿ ಮೂಡಿದವು. ಸಂಸ್ಕೃತ ಶಬ್ದವು ಕನ್ನಡಿಗರ ನಾಲಗೆಯಲ್ಲಿ ತದ್ಭವವಾದಂತೆ, ಅನುಕರಣವೂ ಅವರದೇ ಸೊತ್ತಾಯಿತು. ಈ ವೃತ್ತಾಂತವನ್ನು ತಿಳಿಸುವುದು ಆ ಮುಕ್ಕೇ. ಬೆಲೆ ಕೇಳುವ ಮುನ್ನ ವಿದ್ಯಾರ್ಥಿಯು ಅದನ್ನು ನೋಡಲಿ.